ಬಳೆಗಾರ ನೋಡಿದ ಇನ್ನೊಂದು ಮುಖ

“ಅಜ್ಜಾರೆ, ಒಬ್ಬ ತಾಯಿಯ ಕತೆ ಇರುವ ಕಾದಂಬರಿ ಹಿಡಿದಿದ್ದೇನೆ. ಕೆಳಗಿಡಲು ಮನಸ್ಸೇ ಬರುತ್ತಿಲ್ಲ. ಅದೇ ಕತೆ ಸಿನಿಮಾ ಆಗಿ ಪೇಟೆಗೆ ಬಂದಿದೆ. ಪುಸ್ತಕ ಮುಗಿಸಿ ಆಮೇಲೆ ನೋಡಿದರೆ ಏನೂ ಕೆಡುವುದಿಲ್ಲ ಅಲ್ಲವೇ?” ಎಂದು ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ. ತೊಟ್ಟಿಲಲ್ಲಿದ್ದಾಗಲೇ ಹೆತ್ತವಳನ್ನು ಕಳೆದುಕೊಂಡು ಮಠದಲ್ಲಿ ಬೆಳೆದವನು ಅವನು. ಅವಳದೊಂದು ಫೋಟೋ ಕೂಡ ಅವನ ಬಳಿ ಇರಲಿಲ್ಲ.

“ಸಿನಿಮಾ ಆಟಕ್ಕೆ ಇನ್ನೂ ಹೊತ್ತಿದೆ, ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವವನು ಕೈ ನೋಡಬೇಕು, ಮುಖ ನೋಡಬಾರದು ಎನ್ನುವುದು ಅವನ ಮನೆತನದ ನಡತೆ. ಊರೂರು ತಿರುಗಿ ಎಷ್ಟೋ ಕೈಗಳಿಗೆ ಬಳೆ ಏರಿಸಿದ್ದರೂ, ಹಡೆದವ್ವನನ್ನು ಬಿಟ್ಟರೆ ಅವನು ತಲೆ ಎತ್ತಿ ಕಣ್ತುಂಬ ನೋಡಿದ ಹೆಣ್ಣುಮುಖ ಹೆಂಡತಿಯದೊಂದೇ. ಅವಳೂ ತೀರಿಕೊಂಡಳು.

ಆಗ ಊರ ಚಾವಡಿಯಲ್ಲಿ ಹಿರಿಯರೊಬ್ಬರು ಸಂಜೆ ಸಂಜೆ ಒಂದು ಕತೆ ಓದುತ್ತಿದ್ದರು. ನೀರಿಗೆಂದು ಹೋದ ಹೆಣ್ಣು ತಿರುಗಿ ಬಾರದ ಕತೆ. ಬಳೆಗಾರ ಹಸಿವು ಮರೆತು ಕೇಳಿದ. ಕತೆಯ ಹೆಣ್ಣು ಕೊಡ ಎತ್ತಿದರೆ ಎತ್ತಿದವಳು ಅವನ ಹೆಂಡತಿ. ನಕ್ಕರೆ ನಕ್ಕವಳೂ ಅವಳೇ. ಕತೆ ಮುಗಿದ ಮೇಲೂ ಕಣ್ಣು ಮುಚ್ಚಿದರೆ ಸಾಕು, ಬರುತ್ತಿದ್ದಳು. ಹಾಗೆ ಅವನ ದಿನ ಸಾಗುತ್ತಿತ್ತು.

ಅಷ್ಟರಲ್ಲಿ ತೊಗಲುಗೊಂಬೆಯವರು ಬಂದು ಅದೇ ಕತೆ ಆಡಿಸುತ್ತೇವೆ ಎಂದರು. ಕೇಳಿದ್ದಾಯಿತು, ಇನ್ನು ನೋಡಿದರೆ ಹೋಗುವುದೇನು ಎಂದು ಬಳೆಗಾರನೂ ಹೋಗಿ ಕೂತ. ಪರದೆಯ ಹಿಂದೆ ದೀಪ ಹತ್ತಿತು. ಹೆಣ್ಣು ಬಂದಳು. ಓರೆ ಮುಖ, ಅದರಲ್ಲಿ ಒಂದೇ ಕಣ್ಣು. ಗೊಂಬೆ ತಾನೇ ಎಂದು ಬಳೆಗಾರ ತಲೆ ತಗ್ಗಿಸಲಿಲ್ಲ.

ಮರುದಿನ ಕಣ್ಣು ಮುಚ್ಚಿದ. ಆ ಒಂದು ಕಣ್ಣು ಬಂತು, ಹೆಂಡತಿ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲೆ ಓರೆ ಮುಖದ ನೆರಳು ನಿಂತಿತ್ತು. ದೀಪ ಸರಿಸಿದ. ನೆರಳು ಸರಿಯಲಿಲ್ಲ. ಬಳೆಗೆ ಚಾಚುವಂತೆ ಅವನ ಮುಂದೆ ಕೈ ಚಾಚಿತು. ಹೆಂಡತಿಗೆಂದು ಎತ್ತಿಟ್ಟಿದ್ದ ಬಳೆಗಳನ್ನು ತಂದು ತೊಡಿಸಲು ನೋಡಿದ. ಗೆಣ್ಣಿನ ಹತ್ತಿರವೇ ನಿಂತವು.

ಬೆಳಗಾಗುತ್ತಲೇ ಗೊಂಬೆಯಾಟದವನ ಬಿಡಾರಕ್ಕೆ ಓಡಿದ. “ಅಣ್ಣಾ, ನಿನ್ನ ಗೊಂಬೆ ನನ್ನ ಹೆಂಡತಿಯ ಮುಖ ತಿಂದುಬಿಟ್ಟಿತು. ಅವಳಿರುವಲ್ಲಿ ಬೇರೆ ಯಾರೋ ಬಂದು ನಿಲ್ಲುತ್ತಿದ್ದಾಳೆ. ಬಳೆಯೂ ಏರುವುದಿಲ್ಲ.”

ಗಂಟು ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. “ಕೈ ದಪ್ಪವೇ?”

“ದಪ್ಪ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ.”

ಗೊಂಬೆಯಾಟದವನು ಗಂಟು ಬಿಚ್ಚಿ ಆ ಗೊಂಬೆಯನ್ನು ಹೊರತೆಗೆದ. “ನನ್ನವಳು ಹೋದಾಗ, ಮರೆತುಹೋದೀತು ಎಂದು ಅವಳ ಮುಖವನ್ನೇ ತೊಗಲಿನಲ್ಲಿ ಕೊರೆದೆ. ಆಡಿಸಿ ಆಡಿಸಿ ಈಗ ನನ್ನ ಕಣ್ಣಿಗೆ ಬರೀ ತೊಗಲು. ನನ್ನ ಬಳಿಗೆ ಒಂದು ದಿನವೂ ಬರಲಿಲ್ಲ ಅವಳು.” ಆಮೇಲೆ ಮೆಲ್ಲಗೆ ಕೇಳಿದ, “ನಿನ್ನ ಮನೆಯಲ್ಲಿ ಊಟ ಮಾಡಿದಳೇನಣ್ಣ?”

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಚನ್ನವೀರ ಬಿಡಲಿಲ್ಲ. “ಬಳೆಗಾರನಿಗೆ ಹೆಂಡತಿಯ ಮುಖ ಮತ್ತೆ ಸಿಕ್ಕಿತೇ, ಅಜ್ಜಾರೆ?”

ಗುರುಗಳು ಅವನ ಕಂಕುಳಲ್ಲಿದ್ದ ಪುಸ್ತಕವನ್ನು ನೋಡಿದರು.

“ಅದರೊಳಗಿನ ತಾಯಿಗೆ ನೀನು ಯಾರ ಮುಖ ಕೊಟ್ಟಿದ್ದೀಯಪ್ಪ?”