ದಂಡನಾಯಕರ ದೀಕ್ಷೆ

ಗೆದ್ದು ಬಂದವರಿಗೆ ಕೇಳಿದ್ದು ಕೊಡ್ತೀನಿ ಅಂತ ಅರಸರು ಮಾತು ಕೊಡುವುದು ಹೊಸದಲ್ಲ, ಆಮೇಲೆ ಕೈ ಕೈ ಹಿಸುಕಿಕೊಳ್ಳುವುದೂ ಹೊಸದಲ್ಲ. ಹೊಳಲಗುಂದದ ಮಾರಭೂಪನೂ ಹಾಗೇ ಮಾಡಿಕೊಂಡ.

ಗಡಿಯ ದರೋಡೆಕೋರರನ್ನು ಅಟ್ಟಿ ಬಂದ ದಂಡನಾಯಕ ಬಮ್ಮರಸ ತುಂಬಿದ ಸಭೆಯಲ್ಲಿ ಮೀಸೆ ತೀಡುತ್ತ ನಿಂತ.

"ಮಹಾಪ್ರಭು, ನನಗೆ ಹೊನ್ನೂ ಬೇಡ, ಊರೂ ಬೇಡ. ವಿದ್ಯಾಪೀಠದಲ್ಲಿ ನನ್ನ ಶಾರ್ದೂಲ ಕೂಟದ ಮನೆಗೆ ಬೀಗ ಜಡಿಸಿದ್ದೀರಲ್ಲ, ಅದನ್ನು ತೆಗೆಸಿಕೊಡಿ ಸಾಕು."

ಅರಸನ ಮುಖ ಹುಳ್ಳಗಾಯಿತು. ಶಾರ್ದೂಲ ಕೂಟ ಅಂದರೆ ವಿದ್ಯಾರ್ಥಿಗಳ ಒಂದು ಬಳಗ. ಓದುವ ಕಾಲದಲ್ಲಿ ಬಮ್ಮರಸನೇ ಅದನ್ನು ಕಟ್ಟಿದ್ದ. ಓದಿದ್ದೆಷ್ಟು ಅಂತ ಕೇಳಬೇಡಿ, ಕಟ್ಟಿದ್ದಂತೂ ನಿಜ. ಹೊಸದಾಗಿ ಸೇರಿದ ಹುಡುಗರಿಗೆ ಆ ಕೂಟದವರು 'ದೀಕ್ಷೆ' ಕೊಡುತ್ತಿದ್ದರು. ಅರ್ಧ ಮೀಸೆ ಬೋಳಿಸಿ, ಎಮ್ಮೆಯ ಹಾಗೆ ಬಗ್ಗಿಸಿ, ಬೆನ್ನೇರಿ ಕೆರೆ ಏರಿಯ ಮೇಲೆ ಸವಾರಿ ಮಾಡಿ, ಕೊನೆಗೆ ಕೊರೆಯುವ ನೀರಿಗೆ ದೂಡುವುದು. ಒಬ್ಬ ಹುಡುಗ ಸನ್ನಿ ಹಿಡಿದು ಸಾಯುವ ಹಾಗಾದ ಮೇಲೆ ಅರಸನೇ ಕೂಟವನ್ನು ಹೊರಗೆ ಹಾಕಿಸಿದ್ದ. ಐದು ವರ್ಷದಿಂದ ವಿದ್ಯಾಪೀಠ ನೆಮ್ಮದಿಯಾಗಿತ್ತು.

ಆದರೇನು, ಆಡಿದ ಮಾತು ಆಡಿದ್ದೇ. "ಆಗಲಿ. ಶುಕ್ರವಾರ ಬೀಗ ತೆಗೆಸೋಣ," ಎಂದ ಅರಸ.

ಆ ಸಂಜೆ ಆಸ್ಥಾನದ ಮಾತುಗಾರ ಕೇತಣ್ಣ ಮನೆಯ ಜಗಲಿಯಲ್ಲಿ ಕೂತು ಅವಲಕ್ಕಿ ಮೆಲ್ಲುತ್ತಿದ್ದಾಗ ವಿದ್ಯಾಪೀಠದ ನಾಗದೇವ ಉಪಾಧ್ಯಾಯರು ಬಂದರು.

"ಕೇತಣ್ಣ, ಕೂಟ ವಾಪಸು ಬರುತ್ತೆ ಅಂತ ಕೇಳಿದ್ದೇ ತಡ, ಹೊಸ ಹುಡುಗರೆಲ್ಲ ಗಂಟುಮೂಟೆ ಕಟ್ಟಿದ್ದಾರೆ. ಶುಕ್ರವಾರ ಬೀಗ ತೆಗೆದರೆ ಶನಿವಾರ ನಾನು ಖಾಲಿ ಚಾಪೆಗೆ ಪಾಠ ಹೇಳಬೇಕು, ಅಷ್ಟೆ."

ತನಗೆ ಅಕ್ಷರ ತಿದ್ದಿಸಿದ ಗುರುಗಳ ಬಾಯಲ್ಲಿ ಈ ಮಾತು ಕೇಳಿದ ಮೇಲೆ ಕೇತಣ್ಣನಿಗೆ ಅವಲಕ್ಕಿ ರುಚಿಸಲಿಲ್ಲ.

"ಶುಕ್ರವಾರದ ತನಕ ಒಬ್ಬನೂ ಹೊರಡದ ಹಾಗೆ ನೋಡಿಕೊಳ್ಳಿ ಗುರುಗಳೇ. ಮಿಕ್ಕಿದ್ದು ನನಗೆ ಬಿಡಿ," ಎಂದ.

ಮರುದಿನ ಸಭೆಯಲ್ಲಿ ಅವನು ದಂಡನಾಯಕನ ಪಕ್ಕಕ್ಕೇ ಹೋಗಿ ಕೂತ. ಕಣ್ಣಲ್ಲಿ ಭಕ್ತಿಯೋ ಭಕ್ತಿ.

"ದಂಡನಾಯಕರೇ, ಜನ ಆ ದೀಕ್ಷೇನ ಹಿಂಸೆ ಅಂತಾರಲ್ಲ?"

"ಹಿಂಸೆಯಂತೆ, ಹಿಂಸೆ! ಬರೀ ತಮಾಷೆ ಕಣಯ್ಯಾ. ಅದರಿಂದಲೇ ಅಣ್ಣತಮ್ಮಂದಿರ ಪ್ರೀತಿ ಬೆಳೆಯೋದು."

"ಹಾಗಾದರೆ ಈ ಸಲವೂ ಇರುತ್ತೆ?"

"ಇರದೆ? ಪದ್ಧತಿ ಎಳ್ಳಷ್ಟೂ ಬದಲಾಗಕೂಡದು."

"ಯಾರು ಯಾರಿಗೆ ಕೊಡಬೇಕು?"

"ಮೊದಲೇ ಒಳಗಿದ್ದವರು ಆಮೇಲೆ ಬಂದವರಿಗೆ. ಇಷ್ಟೂ ಗೊತ್ತಿಲ್ವೇ?"

"ದೊಡ್ಡ ಮನೆತನದವರಿಗೆ ಏನಾದರೂ ವಿನಾಯಿತಿ..."

"ಮಂತ್ರಿಯ ಮಗನ ಮೀಸೇನೇ ಬಿಟ್ಟಿಲ್ಲ ನಾವು! ಯುವರಾಜ ಬಂದರೂ ಅಷ್ಟೇ." ಬಮ್ಮರಸ ತೊಡೆ ತಟ್ಟಿ ನಕ್ಕ.

"ತಮಗೆ ಯಾರು ದೀಕ್ಷೆ ಕೊಟ್ಟರು?"

"ನನಗೆ ಯಾರು ಕೊಡ್ತಾರೆ? ಕೂಟ ಕಟ್ಟಿದವನೇ ನಾನು!"

"ಅದೂ ಸರಿಯೇ," ಎಂದು ಕೇತಣ್ಣ ಕೈ ಮುಗಿದ. ಸಿಂಹಾಸನದ ಮೇಲಿದ್ದ ಅರಸ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಲಿ ಅಂತಲೇ ಅಲ್ಲವೇ ಕೇತಣ್ಣ ಅಷ್ಟು ಗಟ್ಟಿಯಾಗಿ ಮಾತಾಡಿದ್ದು!

ಶುಕ್ರವಾರ ಬಂತು. ಕಹಳೆ ಊದಿಸಿಕೊಂಡು ಬಮ್ಮರಸ ಕುದುರೆಯಿಂದ ಇಳಿದ. ಅರಸನೂ ಪಲ್ಲಕ್ಕಿಯಲ್ಲಿ ಬಂದಿದ್ದ. ವಿದ್ಯಾಪೀಠದ ಅಂಗಳದಲ್ಲಿ ಒಂದು ಮಣೆ, ಮಣೆಯ ಪಕ್ಕದಲ್ಲಿ ಕತ್ತಿ ಮಸೆಯುತ್ತ ಕೂತ ಕ್ಷೌರಿಕ, ಅವನ ಹಿಂದೆ ಸಾಲಾಗಿ ನಿಂತ ಹುಡುಗರು. ಅವರಲ್ಲಿ ಕೆಲವರಿಗಂತೂ ಮೀಸೆಯೇ ಚಿಗುರಿರಲಿಲ್ಲ.

"ಭೇಷ್! ಎಲ್ಲ ತಯಾರಿ ಮಾಡಿದ್ದೀಯ," ಎಂದ ಬಮ್ಮರಸ. "ಕೂರಿಸು ಒಬ್ಬನನ್ನ."

ಕೇತಣ್ಣ ನಡು ಬಗ್ಗಿಸಿ ಮಣೆ ತೋರಿಸಿದ. "ದಯಮಾಡಿಸಬೇಕು ದಂಡನಾಯಕರು."

"ನಾನಾ? ತಲೆ ಕೆಟ್ಟಿದೆಯೇನೋ?"

"ಮೊದಲೇ ಒಳಗಿದ್ದವರು ಆಮೇಲೆ ಬಂದವರಿಗೆ ಕೊಡಬೇಕು ಅಂದಿರಿ. ತಮ್ಮ ಕೂಟ ಹೊರಗೆ ಹೋಗಿ ಐದು ವರ್ಷ ಆಯ್ತು. ಈ ಹುಡುಗರಲ್ಲಿ ತೀರ ಹೊಸಬ ಬಂದು ಒಂದು ತಿಂಗಳು. ತಾವು ಈಗ ತಾನೇ ಹೊಸಿಲು ದಾಟಿದಿರಿ. ಇಲ್ಲಿ ಹೊಸಬರು ಯಾರು ಅಂತ ತಾವೇ ಹೇಳಿ."

ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಒಬ್ಬ ಪೋರ ಆಗಲೇ ಸವಾರಿಗೆ ಕಚ್ಚೆ ಬಿಗಿಯುತ್ತಿದ್ದ. ಕ್ಷೌರಿಕ, ಪಾಪ, ಬಲು ವಿನಯದಿಂದ "ಎಡಗಡೇದೋ, ಬಲಗಡೇದೋ ಧಣಿ?" ಎಂದು ಕೇಳಿದ.

ಬಮ್ಮರಸ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. "ಮಹಾಪ್ರಭು! ಇದು ಅವಮಾನ! ಹಿಂಸೆ!"

"ಅಯ್ಯೋ ಶಿವನೇ," ಎಂದ ಕೇತಣ್ಣ, "ಮೊನ್ನೆ ಸಭೇಲಿ ತಮಾಷೆಯಾಗಿತ್ತಲ್ಲ. ಅಲ್ಲಿಂದ ಇಲ್ಲಿಗೆ ಬರೋದರೊಳಗೆ ಹಿಂಸೆ ಆಗಿಹೋಯ್ತೇ?"

ಅರಸ ನಗು ನುಂಗಿಕೊಂಡು, "ಪದ್ಧತಿ ಎಳ್ಳಷ್ಟೂ ಬದಲಾಗಕೂಡದು ಅಂದವರು ನೀವೇ, ಬಮ್ಮರಸರೇ," ಎಂದ.

ದಂಡನಾಯಕ ಮಣೆ ನೋಡಿದ, ಕತ್ತಿ ನೋಡಿದ, ಕೆರೆ ನೋಡಿದ. ಗಡಿಯಲ್ಲಿ ನೂರು ಕತ್ತಿ ಕಂಡರೂ ಬೆವರದ ಮನುಷ್ಯ ಈಗ ಬೆವರಿ ತೊಪ್ಪೆಯಾದ.

"ಬೇಡ. ಈ ದೀಕ್ಷೆ ಇನ್ನು ಯಾರಿಗೂ ಬೇಡ. ನನ್ನ ಮೀಸೆಯಾಣೆ!"

ಅಷ್ಟು ಜನರ ಎದುರಿಗೆ, ಅದೂ ಮೀಸೆಯ ಮೇಲೆ ಇಟ್ಟ ಆಣೆ. ಉಪಾಧ್ಯಾಯರ ಕಣ್ಣಲ್ಲಿ ನೀರಾಡಿತು. ಬೀಗ ತೆಗೆದರು, ಕೂಟ ಒಳಗೆ ಬಂತು, ಹುಡುಗರು ಗಂಟು ಬಿಚ್ಚಿದರು.

ಮರಳುವ ದಾರಿಯಲ್ಲಿ ಅರಸ ಕೊರಳ ಹಾರ ತೆಗೆದು ಕೇತಣ್ಣನಿಗೆ ಹಾಕಿದ. "ಅಲ್ಲಯ್ಯಾ, ಅಕಸ್ಮಾತ್ ಅವರು ಹೂಂ ಅಂತ ಮಣೆಯ ಮೇಲೆ ಕೂತೇಬಿಟ್ಟಿದ್ದರೆ ಏನು ಮಾಡುತ್ತಿದ್ದೆ?"

"ಅವರಾದ ಮೇಲೆ ನಾನೇ ಕೂತು ಕೂಟ ಸೇರುತ್ತಿದ್ದೆ ಮಹಾಪ್ರಭು," ಎಂದ ಕೇತಣ್ಣ. "ಊರಿಗೆಲ್ಲ ಬಡಿಸೋ ಕಷಾಯಾನ ತಾನೂ ಒಂದು ಗುಟುಕು ಕುಡಿಯೋ ಯಜಮಾನ ಎಲ್ಲಿ ಸಿಗ್ತಾನೆ?"

ಅರಸ ಪಲ್ಲಕ್ಕಿ ಅಲ್ಲಾಡುವಷ್ಟು ನಕ್ಕ.