ಹುರಿದ ಮಣ್ಣು

ಹೊಳೆಯ ಆಚೆ ದಂಡೆಯಲ್ಲಿ ಒಂದು ಮಠ. ಈಚೆ ದಂಡೆಯಲ್ಲಿ ಮುಚ್ಚಿಹೋದ ಬ್ಯಾಟರಿ ಕಾರ್ಖಾನೆ. ನಡುವೆ ಮಂಜು. ಬೆಳಗಿನ ಹೊತ್ತು ನೋಡಿದರೆ ಎರಡೂ ನೆಲ ಬಿಟ್ಟು ತೇಲುತ್ತಿವೆಯೇನೋ ಅನಿಸುತ್ತಿತ್ತು.

ಕಾರ್ಖಾನೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಮಾಲೀಕರು ಹೋದರು, ಯಂತ್ರಗಳೂ ಹೋದವು. ಸೀಸ ಮಾತ್ರ ಮಣ್ಣಿನಲ್ಲೇ ಉಳಿಯಿತು. ಅದಕ್ಕೆ ಹೋಗು ಎಂದು ಹೇಳುವವರು ಯಾರೂ ಇರಲಿಲ್ಲ.

ಕಾರ್ಖಾನೆಯ ಗೋಡೆಗೆ ತಾಗಿ ಸಾವಂತ್ರೆವ್ವನ ಮನೆ. ಅವಳು ಮಠದ ಅಜ್ಜನ ಶಿಷ್ಯೆ. ಅವಳ ಪುಟ್ಟ ಮಗಳಿಗೆ ಮಣ್ಣು ತಿನ್ನುವ ಚಟ. ಬೈದರೂ ತಿನ್ನುತ್ತಿತ್ತು, ಮುದ್ದು ಮಾಡಿದರೂ ತಿನ್ನುತ್ತಿತ್ತು. ಬರಬರುತ್ತ ಮಗು ಬಾಡಿತು. ರಕ್ತದಲ್ಲಿ ಸೀಸ ಸೇರಿದೆ, ಇನ್ನು ಆ ಮಣ್ಣು ಬಾಯಿಗೆ ಹೋದರೆ ಮಗು ನಿನ್ನ ಕೈಗೆ ಉಳಿಯುವುದಿಲ್ಲ ಎಂದರು ಡಾಕ್ಟರು.

ಆ ಸೀಮೆಯಲ್ಲಿ ಬಸುರಿಯರು ಬಯಕೆಯಾದಾಗ ಮಣ್ಣು ಹುರಿದು ತಿನ್ನುವುದುಂಟು. ಸಾವಂತ್ರೆವ್ವನೂ ತಿಂದವಳೇ. ಬೆಂಕಿ ಮುಟ್ಟಿದ್ದಕ್ಕೆ ಮೈಲಿಗೆಯಿಲ್ಲ ಎಂದು ಅವಳ ನಂಬಿಕೆ. ಚಟ ಬಿಡಿಸಲಾಗದಿದ್ದರೆ ವಿಷವನ್ನಾದರೂ ಸುಡೋಣ ಎಂದು ಅಂಗಳದ ಮಣ್ಣನ್ನು ಜರಡಿ ಹಿಡಿದಳು, ಹಂಚಿನ ಮೇಲೆ ಕೆಂಪಗೆ ಹುರಿದಳು. ಮೊದಲ ಮಳೆಯ ವಾಸನೆ ಎದ್ದಿತು. ತಾಯಿಯ ಕರುಳು, ಪಾಪ, ಆ ವಾಸನೆಗೇ ಅರ್ಧ ಧೈರ್ಯ ತಂದುಕೊಂಡಿತು.

ಮಗಳಿಗೆ ಕೊಡುವ ಮೊದಲು ಗುರುವನ್ನು ಒಂದು ಮಾತು ಕೇಳೋಣ ಅನಿಸಿತು. ಬಟ್ಟಲು ಹಿಡಿದು, ಮಗುವನ್ನೆತ್ತಿಕೊಂಡು ಹರಿಗೋಲಿನಲ್ಲಿ ಹೊಳೆ ದಾಟಿದಳು.

ಅಜ್ಜ ಹುಣಸೆಮರದ ಕೆಳಗೆ ನೆಲಕ್ಕೆ ಕಿವಿಯಿಟ್ಟು ಮಲಗಿದ್ದರು. ನಿದ್ದೆಯೋ ಧ್ಯಾನವೋ, ಅವರ ವಿಷಯದಲ್ಲಿ ಹೇಳುವುದು ಕಷ್ಟ.

"ಅಜ್ಜಾರ, ಮಣ್ಣಿನ ವಿಷಾ ಸುಟ್ಟೀನ್ರಿ. ಇನ್ನ ಕೂಸು ತಿಂದ್ರ ನಡೀತೈತೇನ್ರಿ?"

ಅಜ್ಜ ಎದ್ದು ಕೂತು ಬಟ್ಟಲು ಮೂಸಿದರು.

"ಘಮಾ ಚಲೋ ಐತಿ. ಒಲಿ ಹಚ್ಚು."

ಅವಳು ಮಗುವನ್ನು ಕೆಳಗಿಳಿಸಿ, ಬಟ್ಟಲನ್ನು ಪಕ್ಕಕ್ಕಿಟ್ಟು ಒಲೆ ಹಚ್ಚಿದಳು. ಅಜ್ಜ ದಂಡೆಯಲ್ಲಿ ಒಣಗಲು ಹಾಕಿದ್ದ ಮೀನಿನ ಬಲೆಯಿಂದ ಸೀಸದ ಗುಂಡೊಂದನ್ನು ಬಿಚ್ಚಿ ತಂದರು. ಹಿಡಿ ಹುರುಳಿಯ ಜೊತೆ ಹಂಚಿಗೆ ಹಾಕಿದರು. ಹುರುಳಿ ಚಟಪಟ ಸಿಡಿಯಿತು. ಗುಂಡು ಬಿಸಿಯಾಯಿತು, ಅಷ್ಟೇ.

ಆರಿದ ಮೇಲೆ ಎರಡನ್ನೂ ಅವಳ ಅಂಗೈಗೆ ಸುರಿದರು.

"ಬೆಂಕಿಗೆ ಸತ್ತದ್ದು ಯಾವುದು?"

"ಹುರುಳಿ ರೀ. ಇನ್ನ ಮೊಳಕಿ ಬರೂದಿಲ್ಲ."

"ಉಳದದ್ದು?"

ಸಾವಂತ್ರೆವ್ವ ಗುಂಡನ್ನು ನೋಡಿದಳು. ನನ್ನ ಕೈಯಾರೆ ಮಗಳ ಬಾಯಿಗೆ ಇಡುತ್ತಿದ್ದೆನಲ್ಲ ಎಂದು ನೆಲಕ್ಕೆ ಕುಸಿದು ಅತ್ತಳು.

ಅಜ್ಜ ಸಮಾಧಾನ ಮಾಡಲಿಲ್ಲ. ಅಳು ತಾನಾಗಿ ಇಳಿದ ಮೇಲೆ ಹೇಳಿದರು.

"ಇಲ್ಲೇ ಕಿವಿ ಇಡು."

ಅವಳು ಹುಣಸೆಯ ಬುಡದಲ್ಲಿ ಕಿವಿಯಿಟ್ಟಳು. ಮೊದಲು ಏನೂ ಕೇಳಲಿಲ್ಲ. ಕಣ್ಣು ತಾನಾಗಿ ಮುಚ್ಚಿತು. ಹೊಳೆ ದೂರ ಸರಿಯಿತು, ಎಲೆಗಳ ಸದ್ದು ದೂರ ಸರಿಯಿತು. ಕೆಳಗೆ ಎಲ್ಲೋ ತುಂಬಿದ ಮನೆಯೊಂದರಲ್ಲಿ ಮಂದಿ ಮೆಲ್ಲಗೆ ಉಸಿರಾಡಿದಂತಾಯಿತು. ಕೇಳಿತೋ, ಕನಸೋ, ಅವಳಿಗೂ ತಿಳಿಯಲಿಲ್ಲ.

"ಯಾರ್ರಿ ಅವರು?"

"ಮಣ್ಣಾಗಿನ ಜೀವ. ಹಾಲಿಗೆ ಹೆಪ್ಪ ಹಾಕ್ತೀಯಲ್ಲ, ಅದನ್ನ ಗಟ್ಟಿ ಮಾಡಾವ್ರನ್ನ ಎಂದಾರ ಕಂಡೀಯೇನು? ಹಂಗ ಇವರೂ."

"ನಾ ಹುರದಿದ್ದು ಇವರನ್ನೇನ್ರಿ?"

"ಇವರನ್ನ."

ಸಾವಂತ್ರೆವ್ವ ಎದ್ದು ಕೂತು ಆ ಮಣ್ಣನ್ನು ಅಂಗೈಯಿಂದ ಸವರಿದಳು.

"ಇವರು ವಿಷಾ ತಿಂದು ಮುಗಸ್ತಾರೇನ್ರಿ?"

"ಸೀಸಾ ಮುಗಿಯೂದಿಲ್ಲ ತಂಗಿ. ಇವರು ಅದನ್ನ ತಬ್ಕೊಂಡು ಕುಂದರ್ತಾರ. ನೀರಿಗೆ, ಬೇರಿಗೆ ಸುಲಭಕ್ಕ ಹೋಗಗೊಡೂದಿಲ್ಲ."

"ನಮ್ಮ ಅಂಗಳದಾಗ ಒಂದ ಹುಳಾನೂ ಉಳದಿಲ್ರಿ. ಅಲ್ಲಿಗೆ ಇವರನ್ನ ಹೆಂಗ ತರ್ಲಿ?"

ಅಜ್ಜ ಮರದ ಬುಡದ ಕೊಳೆತ ಎಲೆಯನ್ನೂ ತಿಪ್ಪೆಯ ಹಳೆಯ ಗೊಬ್ಬರವನ್ನೂ ಬುಟ್ಟಿಗೆ ತುಂಬಿದರು.

"ಇದ ಹೆಪ್ಪ. ಹಾಕಿ ಬಾ. ಹಸಿ ಆರಗೊಡಬ್ಯಾಡ. ಹುಲ್ಲು ಹುಟ್ಟಿದ್ರ ಹುಟ್ಲಿ, ತಿನ್ನೂದು ಏನೂ ಬೆಳೀಬ್ಯಾಡ. ನೀವಿಬ್ಬರೂ ಇನ್ನ ಮಠದಾಗ ಇರ್ರಿ."

"ಎಷ್ಟ ವರ್ಷ ಬೇಕ್ರಿ?"

"ಅವರಿಗೆ ಗಡಿಬಿಡಿ ಇಲ್ಲ."

"ನನಗೈತೆಲ್ರೀ ಅಜ್ಜಾರ!" ಗುರುವಿನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು. "ಅವರು ಒಂದು ಜನ್ಮ ಕುಂತಾರು. ನನ್ನ ಕೂಸಿಗೆ ಅಷ್ಟು ಹೊತ್ತು ಎಲ್ಲೈತ್ರಿ? ಅಲ್ಲೀತನಾ ನಾ ಏನ ಮಾಡ್ಲಿ?"

ಅಜ್ಜನ ಕಣ್ಣು ಒಲೆಯ ಕಡೆಗಿತ್ತು.

ಮಾತಿನ ಭರದಲ್ಲಿ ಇಬ್ಬರೂ ಮಗುವನ್ನು ಮರೆತಿದ್ದರು. ಅದು ಅಂಬೆಗಾಲಿಟ್ಟು ಬಟ್ಟಲಿನ ಹತ್ತಿರ ಹೋಗಿತ್ತು. ಹುರಿದ ಮಣ್ಣು ಮುಷ್ಟಿ ತುಂಬ ಇತ್ತು, ಮುಷ್ಟಿ ಬಾಯಿಯ ಹತ್ತಿರ ಬಂದಿತ್ತು.

ಅಜ್ಜ ಮುದುಕರೆಂದು ಯಾರು ಹೇಳಬೇಕು? ಒಂದೇ ನೆಗೆತಕ್ಕೆ ಹೋಗಿ ಆ ಕೈ ಹಿಡಿದರು. ಮುಷ್ಟಿ ಬಿಡಿಸಿದರು, ಬೆರಳು ಬೆರಳನ್ನೂ ತೊಳೆದರು. ಮಗು ಸಿಟ್ಟಿಗೆದ್ದು ಅರಚಿತು. ಅರಚುವ ಮಗುವನ್ನು ಹಾಗೇ ಎತ್ತಿ ತಂದು ತಾಯಿಯ ತೋಳಿಗೆ ಹಾಕಿದರು.

"ಮಣ್ಣಾಗಿನವರು ಸೀಸಾ ಹಿಡಕೊಂಡಿರ್ತಾರ ತಂಗಿ. ನೀ ಕೂಸಿನ್ನ ಹಿಡಕೋ."