ಮಾತು ನಿಂತ ಆಂಬುಲೆನ್ಸ್

ಮಲಪ್ರಭೆಯ ದಂಡೆಯಲ್ಲಿ, ಹುಣಸೆಮರಕ್ಕೆ ಒರಗಿದಂತೆ, ಫಕೀರಯ್ಯನವರ ಶೆಡ್ಡು. ವಾಹನಗಳ ಒಳಗಿನ ತಂತಿಗಳ ಮರ್ಮ ಬಲ್ಲವರೆಂದು ಅವರನ್ನು ಹುಡುಕಿಕೊಂಡು ದೂರದೂರದವರು ಬರುತ್ತಿದ್ದರು. ಬಂದವರಲ್ಲಿ ಮಾಳಿಂಗನೊಬ್ಬ ಕಲಿಯಲೆಂದು ಉಳಿದುಕೊಂಡ.

ಕಲಿಕೆ ಮುಗಿಯುವ ಕಾಲ ಬಂತು. ಹೊಳೆಯಾಚೆಯ ಆಸ್ಪತ್ರೆ ತನ್ನ ವಾಹನಗಳ ದುರಸ್ತಿಯನ್ನೆಲ್ಲ ಮಾಳಿಂಗನಿಗೆ ಒಪ್ಪಿಸಲು ಸಿದ್ಧವಿತ್ತು. ಗುರುವಿನ ಒಪ್ಪಿಗೆಯೊಂದೇ ಬಾಕಿ.

ಆ ಬೆಳಿಗ್ಗೆ ಅದೇ ಆಸ್ಪತ್ರೆಯ ಆಂಬುಲೆನ್ಸ್ ಒಂದನ್ನು ಎಳೆದು ತಂದು ನಿಲ್ಲಿಸಿದರು.

“ಇದರ ಬಾಯಿ ಬಿಡಿಸು. ಆಮ್ಯಾಲೆ ನೀ ಹೋಗಾಕ ನಂದೇನೂ ಅಡ್ಡಿ ಇಲ್ಲ,” ಎಂದರು ಫಕೀರಯ್ಯ, ಶೇಂಗಾ ಸುಲಿಯುತ್ತ.

ಅಂಥ ವಾಹನದೊಳಗೆ ಎಂಜಿನಿಗೊಂದು, ಬ್ರೇಕಿಗೊಂದು, ಸ್ಟೇರಿಂಗಿಗೊಂದು ಎಂಬಂತೆ ಪುಟ್ಟ ಗಣಕಪೆಟ್ಟಿಗೆಗಳಿರುತ್ತವೆ. ಹೆಣೆದ ಜೋಡಿ ತಂತಿಯೊಂದರ ಮೇಲೆ ಅವೆಲ್ಲ ಸರದಿಯಂತೆ ಮಾತಾಡಿಕೊಳ್ಳುತ್ತವೆ. ಆ ಮಾತು ನಿಂತರೆ, ಅಂಗಾಂಗಗಳೆಲ್ಲ ನೆಟ್ಟಗಿದ್ದರೂ ವಾಹನ ಕದಲದು.

ಮಾಳಿಂಗ ಆ ಪೆಟ್ಟಿಗೆಗಳ ಮಾತನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರನ್ನು ಜೋಡಿಸಿದ. ಹಲವು ಸಲ ತಡವರಿಸಿದ ಮೇಲೆ ಅದಕ್ಕೆ ಒಂದಿಷ್ಟು ದೂರುಗಳು ದಕ್ಕಿದವು. ಅವನ ಮುಖ ಅರಳಿತು.

“ಬ್ರೇಕಿನ ಪೆಟ್ಟಿಗಿ ಸತ್ತೈತ್ರಿ ಅಜ್ಜಾರ. ಹೊಸಾದು ತರಸೂಣು.”

“ಯಾರು ಹೇಳಿದ್ರು?”

“ಎಂಜಿನ್ನಿನ ಪೆಟ್ಟಿಗಿ ಹೇಳಾಕತ್ತೈತ್ರಿ, ಬ್ರೇಕು ಉತ್ತರಾ ಕೊಡವಲ್ದು ಅಂತ. ಸ್ಟೇರಿಂಗಿಂದೂ ಅದ ದೂರು.”

“ಬ್ರೇಕಿನ ಪೆಟ್ಟಿಗಿ ಏನಂತೈತಿ?”

ಮಾಳಿಂಗ ಮತ್ತೊಮ್ಮೆ ಪರದೆಯನ್ನು ನೋಡಿದ. ದನಿ ತಗ್ಗಿತು. “ಅದು... ಎಂಜಿನ್ನು ಉತ್ತರಾ ಕೊಡವಲ್ದು ಅಂತೈತ್ರಿ.”

“ಸತ್ತದ್ದು ದೂರು ಹೇಳತೈತಲ್ಲೋ! ಭಾಳ ಶಾಣ್ಯಾ ಹೆಣ.”

ಮಾಳಿಂಗನಿಗೂ ನಗೆ ಬಂತು. ಹಾಗಾದರೆ ದೋಷ ಎಲ್ಲಿ ಎಂದು ಕೇಳಲು ಅವನು ಬಾಯಿ ತೆರೆದ.

ಫಕೀರಯ್ಯ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಪಕ್ಕದ ಖಾಲಿ ಎಣ್ಣೆ ಡಬ್ಬಿಯನ್ನು ಬಡಿಯತೊಡಗಿದರು. ಮರದ ಕಾಗೆಗಳು ಹಾರಿಹೋದವು. ಶಿಷ್ಯ ದನಿ ಏರಿಸಿದ. ಗುರು ಏಟು ಏರಿಸಿದರು. ಕೊನೆಗೆ ಅವನು ತೆಪ್ಪಗಾದ.

ಬಡಿತ ನಿಂತಿತು.

“ಯಾಕೋ ಸುಮ್ಮನಾದಿ? ಬಾಯಿ ಕೆಟ್ಟೈತೇನು? ಹೊಸಾದು ತರಸೂಣೇನು?”

ಮಾಳಿಂಗ ಆಂಬುಲೆನ್ಸಿನ ಕಡೆಗೆ ತಿರುಗಿ ನೋಡಿದ. “ಒಳಗ ಯಾವುದೋ ಒಂದು ಪೆಟ್ಟಿಗಿ ಬಿಡುವಿಲ್ಲದ ಒದರಾಕತ್ತೈತ್ರಿ. ಅದಕ್ಕ ಉಳದದ್ದೆಲ್ಲಾ ಸುಮ್ಮ ಕುಂತಾವು.”

“ಹುಡುಕು.”

ಹುಡುಕುವ ಬಗೆ ಅವನಿಗೆ ತಿಳಿದಿತ್ತು. ಒಂದು ಪೆಟ್ಟಿಗೆಯನ್ನು ತಂತಿಯಿಂದ ಕಳಚುವುದು, ಉಳಿದವು ಮಾತಾಡುತ್ತವೆಯೇ ಎಂದು ನೋಡುವುದು, ಮೌನವೇ ಇದ್ದರೆ ಮರಳಿ ಜೋಡಿಸಿ ಮುಂದಿನದಕ್ಕೆ ಹೋಗುವುದು. ಒದರುವುದನ್ನು ಕಳಚಿದ ಗಳಿಗೆಯಲ್ಲಿ ಉಳಿದವೆಲ್ಲ ಬಾಯಿ ಬಿಡುತ್ತವೆ.

ಬ್ರೇಕಿನದನ್ನು ಕಳಚಿದ. ಮೌನ. ಸ್ಟೇರಿಂಗಿನದನ್ನು ಕಳಚಿದ. ಮೌನ. ಸೀಟಿನ ಅಡಿಗೆ ತೂರಿದ, ಎಂಜಿನ್ನಿನ ಸಂದಿಗೆ ಕೈಯಿಳಿಸಿದ. ಫಕೀರಯ್ಯ ಶೇಂಗಾ ಸುಲಿಯುವುದನ್ನೂ ಬಿಟ್ಟು ನೋಡುತ್ತ ಕುಳಿತಿದ್ದರು. ಹೊತ್ತು ನೆತ್ತಿಗೆ ಬಂತು.

“ಎಲ್ಲಾ ಮುಗೀತ್ರಿ. ಯಾವುದೂ ಅಲ್ಲ.” ಮಾಳಿಂಗನ ಅಂಗಿ ಬೆನ್ನಿಗೆ ಅಂಟಿತ್ತು. “ತಂತೀನ ಹೋಗಿರಬೇಕು.”

“ಎಲ್ಲಾ?”

“ಎಲ್ಲಾರೀ.”

“ಬಾಗಲಾ, ದೀಪಾ ನೋಡಿಕೊಳ್ಳೂ ಪೆಟ್ಟಿಗಿ?”

“ಅದಾ?” ಅವನು ನಕ್ಕ. “ಅದನ್ನ ಹೋದ ತಿಂಗಳ ನಾನ ಬಿಚ್ಚಿ, ಬೆಸುಗಿ ಹಾಕಿ ಕೊಟ್ಟೀನ್ರೀ. ಅದರಾಗ ಏನೂ ಇಲ್ಲ.”

ಫಕೀರಯ್ಯ ಎದ್ದು ಬಂದು, ಆಂಬುಲೆನ್ಸಿನ ಬಾಗಿಲನ್ನು ಹಿಡಿದುಕೊಂಡು ನಿಂತರು, ಅಷ್ಟೆ.

ಮಾಳಿಂಗ ಬಗ್ಗಿ ಆ ಪೆಟ್ಟಿಗೆಯನ್ನು ಕಳಚಿದ.

ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಮೂಡಿದವು: ಎಂಜಿನ್ನು, ಬ್ರೇಕು, ಸ್ಟೇರಿಂಗು. ಎಲ್ಲವೂ ಒಂದನ್ನೊಂದು ಗುರುತಿಸಿ ಮಾತಿಗಿಳಿದಿದ್ದವು.

ಪೆಟ್ಟಿಗೆಯನ್ನು ಬಿಚ್ಚಿದಾಗ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು; ಪೆಟ್ಟಿಗೆ ಒದರುತ್ತಿದ್ದುದು ಅದರಿಂದಲೇ. ಅವನ ಬೆಸುಗೆಯೇ. ಹೊಳೆಯುತ್ತಿದೆ ಎಂದು ಅಂದು ಎರಡೆರಡು ಸಲ ನೋಡಿ ಹಿಗ್ಗಿದ್ದ ಬೆಸುಗೆ.

ಅವನು ಹುಣಸೆಮರದ ಬುಡದಲ್ಲಿ ಕುಸಿದು ಕುಳಿತ.

“ನಾ ಹೋಗೂದಿಲ್ರೀ ಅಜ್ಜಾರ. ಇದರಾಗ ಯಾರರೆ ಪೇಷಂಟ್ ಮಲಗಿದ್ರ, ದಾರ್‍ಯಾಗ ಹಿಂಗ ನಿಂತಿದ್ರ, ಏನ್ ಗತಿ? ಆಸ್ಪತ್ರ್ಯಾವರಿಗೆ ಬ್ಯಾರೆ ಯಾರನರೆ ಹೇಳ್ರಿ.”

ಫಕೀರಯ್ಯ ಅವನ ಪಕ್ಕದಲ್ಲಿ ಕುಳಿತು, ಸುಲಿದಿಟ್ಟಿದ್ದ ಶೇಂಗಾವನ್ನೆಲ್ಲ ಅವನ ಬೊಗಸೆಗೆ ಸುರಿದರು.

“ತಿನ್ನು. ಮುಂಜಾನಿಂದ ಹೊಟ್ಟಿಗೇನೂ ಹಾಕಿಲ್ಲ.”

ಅವನು ತಿನ್ನಲಿಲ್ಲ. “ನಿಮಗ ಮದಲ ಗೊತ್ತಿತ್ತೇನ್ರಿ, ಅದ ಪೆಟ್ಟಿಗಿ ಅಂತ?”

“ಇಲ್ಲೋ ಮಾರಾಯಾ. ಗಾಡಿ ನೋಡಾಕ ನೀ ಇದ್ದಿಯಲ್ಲ. ನಾ ನಿನ್ನ ಕೈ ನೋಡಾಕತ್ತಿದ್ದೆ. ಎಲ್ಲಾ ಕಡೆ ಹೋತು. ಅದೊಂದರ ಹತ್ರ ಬಂದಾಗ ಸುತ್ತಹಾಕಿ ಹೋತು.”

ಮಾಳಿಂಗ ತನ್ನ ಬೊಗಸೆಯನ್ನು ನೋಡಿಕೊಂಡ. ಕೆಳಗೆ ಹೊಳೆ ಹರಿಯುತ್ತಿತ್ತು.

“ಹೊಳಿ ಆಚೆ ನೀವಿರೂದಿಲ್ಲ,” ಎಂದ. “ಅಲ್ಲಿ ನನ್ನ ಕೈ ನೋಡವ್ರು ಯಾರ್ರೀ?”

ಫಕೀರಯ್ಯ ಅವನ ತಲೆಯ ಮೇಲೆ ಕೈಯಿಟ್ಟರು.

“ಈಗ ಈ ಮಾತು ಕೇಳಿದಾಂವ ಇದಾನಲ್ಲೋ ತಮ್ಮಾ, ಅಂವಾ ನೋಡತಾನ.”